ಮೂರನೇ ತೂತಿನ ಮಹಾತ್ಮೆ

ಕಡೂರಿನ ನಮ್ಮಕ್ಕನ ಮನೆಯಲ್ಲಿ ಮಡಿ ಒಂದು ಕೈ ಜಾಸ್ತಿ. ಹೊರಗಿನ ಚಪ್ಪಲಿ ಜಗಲಿ ದಾಟುವ ಹಾಗಿಲ್ಲ. ಅಂಥ ಮನೆಯ ಅಡಿಗೆಮನೆಯಲ್ಲಿ, ಫ್ರಿಜ್ಜಿನ ಎದುರಿಗೆ, ನೀಲಿ ಪಟ್ಟಿಯ ಹವಾಯಿ ಚಪ್ಪಲಿ ಒಂದು ಜೊತೆ ಭರತ ಪೂಜಿಸಿದ ಪಾದುಕೆಯ ಹಾಗೆ ಕೂತಿರುವುದನ್ನು ಕಂಡು ನಾನು ಗಾಬರಿಯಾದೆ.

“ಅದನ್ನ ಮೆಟ್ಕೊಂಡೇ ಬಾಗಿಲು ತೆಗೀಬೇಕು ಕಣೋ. ಇಲ್ದಿದ್ರೆ ಜುಮ್ ಅನ್ನತ್ತೆ” ಎಂದಳು ಅಕ್ಕ, ಸಾರಿಗೆ ಉಪ್ಪು ಹಾಕಿದೆ ಅನ್ನುವಷ್ಟೇ ಸಲೀಸಾಗಿ. ಅವಳ ಅತ್ತೆ, ಆಚಾರದಲ್ಲಿ ಯಾರಿಗೂ ಬಗ್ಗದವರು, ಒದ್ದೆ ಸೀರೆಯಲ್ಲಿ ಬಂದು ಚಪ್ಪಲಿ ಮೆಟ್ಟಿ, ನೈವೇದ್ಯದ ಹಾಲು ತೆಗೆದು, ಚಪ್ಪಲಿ ಬಿಟ್ಟು ಹೋದರು. ಮಡಿಯನ್ನೂ ಮಣಿಸುವ ಶಕ್ತಿ 230 ವೋಲ್ಟಿಗಿದೆ ಅಂತ ಅವತ್ತು ಗೊತ್ತಾಯಿತು.

ಇದರ ಹಿಂದಿನ ಕೈವಾಡ ನಮ್ಮ ಭಾವನದು. ಬ್ಯಾಂಕಿನಿಂದ ನಿವೃತ್ತರಾದ ಮಾರನೆಯ ದಿನ ಹಿಡಿದ ಸ್ಕ್ರೂಡ್ರೈವರನ್ನು ಅವರು ಇನ್ನೂ ಕೆಳಗಿಟ್ಟಿಲ್ಲ. ಫ್ರಿಜ್ಜು ಹಾಲಿನಿಂದ ಅಡಿಗೆಮನೆಗೆ ಬಂದಾಗ ಹೊಸ ಪಾಯಿಂಟು ಎಳೆದವರು ಅವರೇ. ಕೆಂಪು ವೈರು ಫೇಸಿಗೆ, ಕಪ್ಪು ನ್ಯೂಟ್ರಲ್ಲಿಗೆ. “ಹಸಿರು ಎಲ್ಲಿ ಭಾವ?” ಎಂದು ಕೇಳಿದೆ. “ಅದು ದಂಡ ಕಣಯ್ಯ. ಅದಿಲ್ಲದೆಯೂ ಫ್ರಿಜ್ಜು ಓಡ್ತಾ ಇದೆಯಲ್ಲ!”

ಓಡುತ್ತದೆ. ತಂಟೆ ಇರುವುದೇ ಅಲ್ಲಿ. ಫೇಸು ತಪ್ಪಿದರೆ ಫ್ರಿಜ್ಜು ನಿಲ್ಲುತ್ತದೆ, ನ್ಯೂಟ್ರಲ್ ತಪ್ಪಿದರೂ ನಿಲ್ಲುತ್ತದೆ. ಆ ಹಸಿರು, ಅಂದರೆ ಅರ್ತ್, ತಪ್ಪಿದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಮನೆಯಲ್ಲಿ ಮಾತಾಡದೆ ಮೂಲೆಯಲ್ಲಿ ಕೂತ ಅಜ್ಜನಂತೆ ಅದು, ಇದ್ದಾಗ ಲೆಕ್ಕಕ್ಕಿಲ್ಲ. ಸಾಕೆಟ್ಟಿನಲ್ಲಿ ಮೇಲೆ ದೊಡ್ಡ ತೂತು ಕೊಟ್ಟು, ಪ್ಲಗ್ಗಿನಲ್ಲಿ ಅದರ ಪಿನ್ನನ್ನು ಉಳಿದೆರಡಕ್ಕಿಂತ ಉದ್ದ ಮಾಡಿರುವುದು ಚೆಂದಕ್ಕಲ್ಲ. ಚುಚ್ಚುವಾಗ ಅರ್ತ್ ಮೊದಲು ಸೇರಬೇಕು, ಕೀಳುವಾಗ ಕೊನೆಗೆ ಬಿಡಬೇಕು. ನಾವೋ, ಎರಡು ಪಿನ್ನಿನ ಚಾರ್ಜರ್ ಹೋಗದಿದ್ದರೆ ಆ ತೂತಿಗೆ ಬಾಲ್‌ಪೆನ್ನು ತೂರಿಸಿ ಒಳಗಿನ ಮುಚ್ಚಳ ಸರಿಸುವವರು. ಪ್ಲಗ್ಗೇ ಇಲ್ಲದಿದ್ದರೆ ಬರಿಯ ವೈರನ್ನು ಬೆಂಕಿಕಡ್ಡಿಯಿಂದ ಗಿಡಿದು ಕೂರಿಸುವವರು.

ನನ್ನ ಉಪದೇಶ ಭಾವನಿಗೆ ನಾಟಿತು ಎಂದುಕೊಂಡೆ. ಮುಂದಿನ ಸಲ ಹೋದಾಗ, “ಅರ್ತ್ ಕೊಟ್ಟಿದ್ದೀನಿ, ನೋಡು” ಎಂದು ಬಲ್ಬಿನ ಹೋಲ್ಡರಿನ ಒಂದು ವೈರು ಫೇಸಿಗೂ ಇನ್ನೊಂದು ಅರ್ತಿಗೂ ಇಟ್ಟರು. ಬಲ್ಬು ಝಗ್ಗನೆ ಉರಿಯಿತು. ಬೋರ್ಡು ಬಿಚ್ಚಿಸಿ ನೋಡಿದರೆ, ಒಳಗೆ ಗೇಣುದ್ದವೂ ಇಲ್ಲದ ವೈರಿನ ತುಂಡೊಂದು ನ್ಯೂಟ್ರಲ್ಲಿನಿಂದ ಹೊರಟು ಅರ್ತ್ ಪಿನ್ನಿಗೆ ಕೂತಿದೆ! ಬಲ್ಬು ಉರಿಯದೆ ಇನ್ನೇನು ಮಾಡೀತು? ಬಲ್ಬಿನ ಪರೀಕ್ಷೆಗೆ ಈ ಮೋಸ ಗೊತ್ತಾಗುವುದಿಲ್ಲ. ಆದರೆ ಮುಂದೊಂದು ದಿನ ಹಿಂದಿನ ನ್ಯೂಟ್ರಲ್ ಎಲ್ಲಾದರೂ ಕಳಚಿತೋ, ಫೇಸು ಫ್ರಿಜ್ಜಿನ ಹೊಟ್ಟೆಯೊಳಗೆ ಹಾದು, ಆ ತುಂಡು ವೈರು ಹಿಡಿದು, ನೇರ ಬಾಗಿಲ ಹಿಡಿಗೆ ಬಂದು ಕೂರುತ್ತದೆ. ಆಗ ಜುಮ್ ಅನ್ನುವುದಿಲ್ಲ, ಎಳೆದೇ ಬಿಡುತ್ತದೆ. ಅರ್ತ್ ಇಲ್ಲದಿದ್ದುದಕ್ಕಿಂತ ಇದು ಕಡೆ.

ಕೊನೆಗೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿದೆವು. 1956ರ ವಿದ್ಯುತ್ ನಿಯಮಗಳ ಕಾಲದಿಂದಲೂ ಕಾನೂನು ಹೇಳುವುದು ಅದನ್ನೇ: ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಬದಲಿಸಿಕೊಳ್ಳಿ, ಹೊಸ ವೈರಿಂಗಿಗೆ ಲೈಸೆನ್ಸ್ ಇದ್ದವರನ್ನು ಕರೆಯಿರಿ. ಭಾವ ಸೋಲೊಪ್ಪುವವರೇ? ಭಾರತೀಯ ಮಾನಕ ಬ್ಯೂರೋದ ಅರ್ತಿಂಗ್ ಸಂಹಿತೆ, ಐಎಸ್ 3043, ಅದೂ 2018ರಲ್ಲಿ ಪರಿಷ್ಕರಿಸಿದ್ದು, ಮುದ್ರಿಸಿ ಸ್ಪೈರಲ್ ಬೈಂಡ್ ಮಾಡಿಸಿ ಭಗವದ್ಗೀತೆಯ ಪಕ್ಕ ಇಟ್ಟಿದ್ದರು. ಎರಡನ್ನೂ ಓದಿರುವ ಗುರುತು ಕಾಣಲಿಲ್ಲ.

ಎಲೆಕ್ಟ್ರಿಷಿಯನ್ ನೇರ ಹಿತ್ತಲಿಗೆ ಹೋಗಿ, ದಾಸವಾಳದ ಬುಡದಲ್ಲಿದ್ದ ಅರ್ತ್ ಗುಂಡಿಯ ಮುಚ್ಚಳ ತೆಗೆದರು. ಪೈಪಿನ ಬಾಯಲ್ಲಿ ಜೇಡ ಮನೆ ಕಟ್ಟಿತ್ತು. ಕಟ್ಟಿಸಿದವರು ಮಾಡಿದ್ದು ಸರಿಯಾಗಿಯೇ ಇತ್ತು: 40 ಮಿ.ಮೀ. ಜಿಐ ಪೈಪು, 2.5 ಮೀಟರ್ ಉದ್ದ, ಸುತ್ತ ಇದ್ದಿಲು ಉಪ್ಪು. ಆದರೆ ಕಡೂರಿನ ಬೇಸಿಗೆ! ತೇವವಿಲ್ಲದ ಮಣ್ಣು ಕರೆಂಟಿಗೆ ದಾರಿ ಬಿಡುವುದಿಲ್ಲ. “ಎಷ್ಟು ವರ್ಷ ಆಯ್ತು ಸಾರ್ ನೀರು ಹಾಕಿ?” ಎಂದರು. ದಾಸವಾಳಕ್ಕೆ ದಿನಾ ಹಾಕುತ್ತಿದ್ದರು, ಪಕ್ಕದ ಗುಂಡಿಗೆ ಗೃಹಪ್ರವೇಶದ ದಿನ ಹಾಕಿದ್ದೇ ಇರಬೇಕು. ಮೀಟರು ಹಚ್ಚಿ ನೋಡಿದರೆ 50 ಓಮ್.

“ಆದರೇನು, ಕರೆಂಟು ಮಿತಿ ಮೀರಿದರೆ ಬೀಳೋಕೆ ಎಂಸಿಬಿ ಇದೆಯಲ್ಲ?” ಎಂದರು ಭಾವ.

ಎಲೆಕ್ಟ್ರಿಷಿಯನ್ ಗೋಡೆಯ ಮೇಲೇ ಪೆನ್ಸಿಲಿನಲ್ಲಿ ಲೆಕ್ಕ ಹಾಕಿದರು. 230ನ್ನು 50ರಿಂದ ಭಾಗಿಸಿದರೆ 4.6 ಆಂಪಿಯರ್. ಎಂಸಿಬಿ 16 ಆಂಪಿಯರಿನದು. ಅದಕ್ಕೆ 4.6 ಅಂದರೆ ಮಿಕ್ಸಿ ಗ್ರೈಂಡರು ಓಡುತ್ತಿರುವ ಹಾಗೆ. ಕುಂಭಕರ್ಣನ ಕಿವಿಯಲ್ಲಿ ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ. ಫ್ರಿಜ್ಜಿನ ಮೈಗೆ ಕರೆಂಟು ಬಂದೇ ಇರುತ್ತದೆ, ಇದು ಮಲಗಿಯೇ ಇರುತ್ತದೆ. ಅರ್ತ್ ಅಂದರೆ ಕರೆಂಟನ್ನು ಭೂಮಿತಾಯಿಯ ಮಡಿಲಿಗೆ ಹಾಕಿ ಕೈ ತೊಳೆದುಕೊಳ್ಳುವುದು ಅಂತ ನಾವೆಲ್ಲ ತಿಳಿದಿದ್ದೇವೆ. ಕರೆಂಟಿಗೆ ಬೇಕಾದ್ದು ಭೂಮಿಯಲ್ಲ, ತನ್ನ ಟ್ರಾನ್ಸ್‌ಫಾರ್ಮರು. ಅಲ್ಲಿಗೆ ವಾಪಸು ಹೋಗಲು ಸಲೀಸಾದ ದಾರಿ ಕೊಟ್ಟರೆ ಒಮ್ಮೆಲೇ ನುಗ್ಗುತ್ತದೆ, ಆ ನುಗ್ಗಾಟಕ್ಕೇ ಎಂಸಿಬಿ ಎಚ್ಚರಗೊಳ್ಳುವುದು.

ಅದಕ್ಕೇ ಆರ್‌ಸಿಸಿಬಿ ಬೇಕೆಂದರು. ಭಾವನಿಗೆ ಅರ್ಥವಾದದ್ದು ಇದೊಂದೇ, ಏಕೆಂದರೆ ಅದು ಶುದ್ಧ ಬ್ಯಾಂಕಿನ ಕ್ಯಾಷಿಯರ್. ಫೇಸಿನಲ್ಲಿ ಹೋದದ್ದೆಷ್ಟು, ನ್ಯೂಟ್ರಲ್ಲಿನಲ್ಲಿ ಬಂದದ್ದೆಷ್ಟು? ಲೆಕ್ಕದಲ್ಲಿ 30 ಮಿಲಿಆಂಪಿಯರ್ ಕೊರತೆ ಬಂದರೆ ಕೌಂಟರ್ ಬಂದ್! ಎಲ್ಲಿ ಸೋರಿತು, ಯಾರ ಮೈಮೇಲೆ ಹೋಯಿತು ಎಂಬ ವಿಚಾರಣೆ ಆಮೇಲೆ. ಹಾಗಂತ ಹಸಿರು ವೈರು ಬಿಡುವ ಹಾಗಿಲ್ಲ. ಅರ್ತ್ ಇದ್ದರೆ ಸೋರಿದ ಕ್ಷಣವೇ ಬೀಳುತ್ತದೆ. ಇಲ್ಲದಿದ್ದರೆ ಯಾರಾದರೂ ಮುಟ್ಟುವ ತನಕ ಕಾಯುತ್ತದೆ.

ಹೊಸ ಇದ್ದಿಲು, ಎರಡು ಮೂಟೆ ಉಪ್ಪು ಬಂತು. “ಕಲ್ಲುಪ್ಪೋ ಪುಡಿ ಉಪ್ಪೋ?” ಎಂದು ಭಾವ ಮೂರು ಸಲ ಕೇಳಿದರು. ಅಷ್ಟು ಉಪ್ಪು ಕಂಡ ಅತ್ತೆ ಮಾವಿನಮಿಡಿ ಎಲ್ಲಿ ಎಂದು ಹುಡುಕಿದರು. ಹಸಿರು ವೈರು ಎಳೆದದ್ದಾಯಿತು, ತುಂಡು ವೈರು ಕಿತ್ತದ್ದಾಯಿತು. ಮೊದಲ ವಾರ ಆರ್‌ಸಿಸಿಬಿ ಬೆಳಗ್ಗೆ ಬೆಳಗ್ಗೆ ಬೀಳುತ್ತಿತ್ತು. “ದುಡ್ಡು ಕೊಟ್ಟು ಶನಿ ತಂದೆವು” ಎಂದು ಭಾವ ನನ್ನನ್ನೇ ದುರುಗುಟ್ಟಿದರು. ಕಳ್ಳ ಸಿಕ್ಕಿದ್ದು ಬಚ್ಚಲಿನ ಹಳೆಯ ಗೀಸರಿನೊಳಗೆ.

ಮೊನ್ನೆ ಹೋಗಿದ್ದೆ. ಫ್ರಿಜ್ಜಿನ ಹಿಡಿ ಬರಿಗಾಲಲ್ಲೇ ಮುಟ್ಟಿದೆ, ಏನೂ ಇಲ್ಲ. ಚಪ್ಪಲಿ ಮಾತ್ರ ಅಲ್ಲೇ ಇದೆ. “ಇನ್ನೂ ಯಾಕಮ್ಮ?” ಎಂದರೆ, ಅತ್ತೆ ಮೆಟ್ಟಿಕೊಂಡೇ ಹಾಲು ತೆಗೆಯುತ್ತಾ, “ನೆಲ ಥಂಡಿ ಕಣಪ್ಪ” ಎಂದರು.