ಯಲವಿಗಿ ಜಂಕ್ಷನ್

ನಮ್ಮ ಅಕ್ಕನ ಮಗ ಬೆಂಗಳೂರಿನಲ್ಲಿ ಸಿನಿಮಾ ಹೀರೋಗಳ ಕೂದಲು ಬಿಡಿಸುವ ಕೆಲಸ ಮಾಡುತ್ತಾನೆ. ಹೀರೋ ಎಲ್ಲೋ ಒಂದು ಶೆಡ್ಡಿನೊಳಗೆ ಕುಣಿದಿರುತ್ತಾನೆ. ಅವನನ್ನು ಒಯ್ದು ಹಿಮಾಲಯದ ಮುಂದೆ ನಿಲ್ಲಿಸಬೇಕೆಂದರೆ ಮೊದಲು ಅವನ ಸುತ್ತ ಗೆರೆ ಹೊಡೆದು, ಹಿಂದಿನದನ್ನು ಬಿಟ್ಟು, ಅವನೊಬ್ಬನನ್ನೇ ಎತ್ತಿಕೊಳ್ಳಬೇಕು. ಸೆಕೆಂಡಿಗೆ 24 ಚಿತ್ರ, ಪ್ರತಿ ಚಿತ್ರದಲ್ಲೂ ಗಾಳಿಗೆ ಹಾರುವ ಕೂದಲು. ಇದಕ್ಕೆ ರೋಟೋ ಅನ್ನುತ್ತಾರಂತೆ. 2020ರ ಲಾಕ್‌ಡೌನಿನಲ್ಲಿ ಅವನು ಕಂಪ್ಯೂಟರ್ ಸಮೇತ ಯಲವಿಗಿಗೆ ಬಂದು ನಮ್ಮ ಪಡಸಾಲೆಯಲ್ಲಿ ಠಿಕಾಣಿ ಹೂಡಿದಾಗ ನಮ್ಮವ್ವ ಮೂರು ದಿನ ಅವನ ಬೆನ್ನ ಹಿಂದೆ ನಿಂತು ನೋಡಿದಳು. ನಾಲ್ಕನೆಯ ದಿನ ಕೇಳಿಯೇಬಿಟ್ಟಳು: “ಅಲ್ಲೋ ತಮ್ಮಾ, ಇಷ್ಟ್ ಕಷ್ಟಪಟ್ಟು ಒಂದೊಂದ ಕೂದಲಾ ಬಿಡಸೂದಕಿಂತ, ಮೊದಲ ಆ ಹೀರೋನ ತಲೀನ ಬೋಳಿಸಿದ್ರ ಆಗೂದಿಲ್ಲೇನು?”

ಹುಡುಗ ಉತ್ತರ ಕೊಡಲಿಲ್ಲ. ಅವನ ಆಫೀಸಿನವರಿಗೂ ಇದು ಹೊಳೆದಿರಲಿಕ್ಕಿಲ್ಲ.

ನಾನು ಡ್ರಾಯಿಂಗ್ ಮಾಸ್ತರ. ಸಾಲಿ ಮುಚ್ಚಿತ್ತು, ಕೈ ತುರಿಸುತ್ತಿತ್ತು. ಆಗ ಅವನು ಹುರಿದುಂಬಿಸಿದ: “ಮಾಮಾ, ಆನ್‌ಲೈನ್‌ನ್ಯಾಗ ಮ್ಯಾಟ್ ಪೇಂಟಿಂಗ್ ಚಾಲೆಂಜ್ ಐತಿ. ನೀನೂ ಒಂದ್ ಕೈ ನೋಡು.” ಮ್ಯಾಟ್ ಅಂದರೆ ಚಾಪೆ ಎಂದು ತಿಳಿದುಕೊಂಡಿದ್ದ ನಾನು, ಚಾಪೆಗೆ ಬಣ್ಣ ಹಚ್ಚಲು ಜಗತ್ತಿನ ಮಂದಿ ಪೈಪೋಟಿ ಯಾಕೆ ನಡೆಸುತ್ತಾರೆ ಅಂದೆ. ಆಮೇಲೆ ಪಾಠ ಶುರುವಾಯಿತು. ಮಾಸ್ತರನಿಗೇ ಪಾಠ.

ವಿಷಯ ಸರಳ. ಕಟ್ಟಲು ಆಗದ ಅರಮನೆ, ಹತ್ತಲು ಆಗದ ಗುಡ್ಡ, ಬಿದ್ದುಹೋದ ಕೋಟೆ ಸಿನಿಮಾದಲ್ಲಿ ಬೇಕಾದರೆ ಅಷ್ಟು ಭಾಗವನ್ನು ಚಿತ್ರ ಬರೆದು ಕೂಡಿಸುವುದು. ಅಮೆರಿಕದ ನಾರ್ಮನ್ ಡಾನ್ ಎಂಬವನು 1907ರಲ್ಲೇ ಕ್ಯಾಲಿಫೋರ್ನಿಯಾದ ಮುರುಕು ಇಗರ್ಜಿಗಳ ಮುಂದೆ ಗಾಜು ನಿಲ್ಲಿಸಿ, ಬಿದ್ದ ಗೋಡೆ ಕಮಾನುಗಳನ್ನು ಆ ಗಾಜಿನ ಮೇಲೆ ಬರೆದು, ಗಾಜಿನ ಮೂಲಕ ಕ್ಯಾಮೆರಾ ನೋಡುವಂತೆ ಮಾಡಿದ. ಸಿಮೆಂಟಿಲ್ಲ, ಗೌಂಡಿ ಇಲ್ಲ, ಜೀರ್ಣೋದ್ಧಾರ ಪೂರ್ತಿ! ಆಮೇಲೆ ಇನ್ನೊಂದು ಉಪಾಯ ಬಂತು. ಚಿತ್ರ ಕೂಡಿಸಬೇಕಾದ ಜಾಗವನ್ನು ಕಪ್ಪಗೆ ಮುಚ್ಚಿ ಫಿಲ್ಮಿಗೆ ಅಲ್ಲಿ ಬೆಳಕು ತಾಗದಂತೆ ಮಾಡುವುದು, ನಂತರ ಅದೇ ಫಿಲ್ಮನ್ನು ಹಿಂದಕ್ಕೆ ಸುತ್ತಿ ಖಾಲಿ ಉಳಿದ ಜಾಗಕ್ಕೆ ಬರೆದ ಚಿತ್ರವನ್ನು ತುಂಬುವುದು. ಆ ಕಪ್ಪು ಮುಚ್ಚಳವೇ ಮ್ಯಾಟ್. 1947ರ ‘ಬ್ಲ್ಯಾಕ್ ನಾರ್ಸಿಸಸ್’ ಚಿತ್ರದ ಕಥೆ ಹೆಚ್ಚಾಗಿ ಹಿಮಾಲಯದ ಅಂಚಿನ ಒಂದು ಮಠದಲ್ಲಿ ನಡೆಯುತ್ತದೆ. ಕ್ಯಾಮೆರಾ ಮಾತ್ರ ಇಂಗ್ಲೆಂಡ್ ಬಿಟ್ಟು ಹೊರಗೆ ಬಂದಿಲ್ಲ. ಹಿಮ, ಕಣಿವೆ, ಪ್ರಪಾತ ಬಹುಪಾಲು ಪರ್ಸಿ ಡೇ ಎಂಬ ಮುದುಕನೂ ಅವನ ಕಡೆಯವರೂ ಬರೆದ ಬಣ್ಣ. ಆ ಚಿತ್ರದ ಛಾಯಾಗ್ರಹಣಕ್ಕೂ ಕಲಾ ನಿರ್ದೇಶನಕ್ಕೂ ಆಸ್ಕರ್ ಬಂತು. ನಮ್ಮ ಹಿಮಾಲಯಕ್ಕೆ ಚಹಾದ ದುಡ್ಡೂ ಬರಲಿಲ್ಲ.

ಇದನ್ನೆಲ್ಲ ಕೇಳಿ ನನಗೆ ನಗು ಬಂತು. ಯಾಕೆಂದರೆ ನಮ್ಮಪ್ಪ ಸುಗ್ಗಿ ಮುಗಿದ ಮೇಲೆ ಇದನ್ನೇ ಮಾಡುತ್ತಿದ್ದ. ಊರ ನಾಟಕಕ್ಕೆ ಪರದೆ ಬರೆಯುವುದು. ಪುಡಿಬಣ್ಣಕ್ಕೆ ಸರೇಸು ಕಾಯಿಸಿ ಹಾಕಿ ಕಲಸಿದರೆ ಆ ನಾತಕ್ಕೆ ನಾಯಿ ಸಹ ಮನೆ ಬಿಡುತ್ತಿತ್ತು. ದರ್ಬಾರು, ಕಾಡು, ಬೀದಿ, ಉದ್ಯಾನ, ಈ ನಾಲ್ಕರಲ್ಲಿ ಇಡೀ ಮಹಾಭಾರತ ಮುಗಿಯಬೇಕು. ಗದುಗಿನ ಗರುಡ ಸದಾಶಿವರಾಯರ ಕಂಪನಿ, ಏಣಗಿ ಬಾಳಪ್ಪನವರ ಕಂಪನಿ ಎಂದರೆ ಅಪ್ಪನಿಗೆ ನಟರಿಗಿಂತ ಮೊದಲು ಪರದೆ ನೆನಪಾಗುತ್ತಿದ್ದವು. ದರ್ಬಾರ್ ಸೀನು ಮೇಲೆದ್ದರೆ ಸಾಕು, ಯಾರೂ ಬಾಯಿ ಬಿಡುವ ಮೊದಲೇ ಸೀಟಿ, ಚಪ್ಪಾಳೆ.

“ಅದ ಫರಕು ಮಾಮಾ,” ಅಂದ ಹುಡುಗ. “ಪರದೀ ನೋಡಿ ಮಂದಿ ಚಪ್ಪಾಳಿ ಹೊಡಿಬೇಕು. ಮ್ಯಾಟ್ ಪೇಂಟಿಂಗ್ ಐತಿ ಅಂತ ಮಂದಿಗೆ ಗೊತ್ತ ಆಗಬಾರದು. ಗೊತ್ತಾತು ಅಂದ್ರ ನೀ ಫೇಲು.”

ಜೀವನವಿಡೀ ಯಾರ ಕಣ್ಣಿಗೂ ಬೀಳದೆ ಇದ್ದ ಡ್ರಾಯಿಂಗ್ ಮಾಸ್ತರನಿಗೆ ಇದಕ್ಕಿಂತ ಅನುಕೂಲದ ಕಲೆ ಯಾವುದು? ಹೂಂ ಅಂದುಬಿಟ್ಟೆ.

ಈಗ ಗಾಜೂ ಇಲ್ಲ, ಸರೇಸೂ ಇಲ್ಲ, ಎಲ್ಲ ಫೋಟೋಶಾಪಿನಲ್ಲಿ. ಅದನ್ನು ಮೊದಲು ಮಾಡಿದವರು ಥಾಮಸ್ ನೋಲ್ ಮತ್ತು ಜಾನ್ ನೋಲ್ ಎಂಬ ಅಣ್ಣತಮ್ಮಂದಿರು. ಜಾನ್ ಇದ್ದದ್ದು ಸಿನಿಮಾ ಕಣ್ಕಟ್ಟಿಗೇ ಹೆಸರಾದ ಐಎಲ್‌ಎಂ ಕಂಪನಿಯಲ್ಲಿ. 1990ರಲ್ಲಿ ಫೋಟೋಶಾಪ್ ಮಾರಾಟಕ್ಕೆ ಬಂತು. ಅಣ್ಣತಮ್ಮಂದಿರು ಕೂಡಿ ಒಂದು ಕೆಲಸ ಮಾಡಿದರಂತೆ, ಅದೂ ಕೋರ್ಟಿಗೆ ಹೋಗದೆ ಮುಗಿಸಿದರಂತೆ ಎಂದು ನಾನು ಚಾದಂಗಡಿಯಲ್ಲಿ ಹೇಳಿದರೆ ನಮ್ಮೂರಲ್ಲಿ ಒಬ್ಬನೂ ನಂಬಲಿಲ್ಲ.

ಚಾಲೆಂಜಿನ ವಿಷಯ: ‘ನಿಮ್ಮ ಊರು, ಮುಂದೊಂದು ದಿನ’. ಮೂರು ವಾರದ ಗಡುವು. ಒಂದು ನಿಜವಾದ ಫೋಟೋ ಬುನಾದಿಗೆ ಇರಬೇಕು, ಅದಕ್ಕೆ ಪ್ಲೇಟ್ ಅನ್ನುತ್ತಾರೆ. ಉಳಿದದ್ದು ನಮ್ಮ ಕೈಚಳಕ. ಬೇರೆ ದೇಶದವರೆಲ್ಲ ಗಾಜಿನ ಗೋಪುರ, ಹಾರುವ ಕಾರು ಹಚ್ಚಿ ಕೂತಿದ್ದರು. “ನಾವೂ ಹಾರೂ ಕಾರು ಹಾಕೋಣು” ಅಂದ ಅಳಿಯ. ಹಾರಿ ಎಲ್ಲಿಗೆ ಹೋಗುತ್ತಾವಪ್ಪ, ಸವಣೂರಿಗೇ? ಯಲವಿಗಿ ಮುಂದೊಂದು ದಿನ ಏನಾಗಬೇಕು ಎಂದು ನಮ್ಮೂರಲ್ಲಿ ಯಾರನ್ನು ಕೇಳಿದರೂ ಉತ್ತರ ಒಂದೇ: ಜಂಕ್ಷನ್.

ಹುಬ್ಬಳ್ಳಿ–ಹಾವೇರಿ ಹಳಿಯ ಮೇಲೆ ಗುಡಗೇರಿ ದಾಟಿದರೆ ನಮ್ಮ ಸ್ಟೇಷನ್ನು. ಲಕ್ಷ್ಮೇಶ್ವರಕ್ಕೆ ಹೋಗುವವರು ರೈಲಿನಲ್ಲಿ ಬಂದರೆ ನಮ್ಮಲ್ಲಿ ಇಳಿಯುವುದುಂಟು. ಆ ಲಕ್ಷ್ಮೇಶ್ವರದ ಮೇಲೆ ಹಾಯ್ದು ಗದಗಿನಿಂದ ಯಲವಿಗಿಗೆ 50 ಚಿಲ್ಲರೆ ಕಿಲೋಮೀಟರಿನ ಹೊಸ ದಾರಿ ಬರುತ್ತದೆ ಎಂಬುದು ನಮ್ಮ ಕಡೆಯ ಹಳೆಯ ಮಾತು. ಸರ್ವೇ ಆಗಿದೆ, ಮನವಿ ಹೋಗಿವೆ, ಭಾಷಣಗಳಲ್ಲಂತೂ ಆ ರೈಲು ಒಂದು ನಿಮಿಷ ತಡವಾಗದೆ ಓಡುತ್ತಿದೆ. ನೆಲದ ಮೇಲೆ ಮಾತ್ರ ಹಳಿ ಇಲ್ಲ. ಇಲ್ಲದ್ದನ್ನು ಇದೆ ಎನ್ನುವಂತೆ ತೋರಿಸುವುದೇ ಮ್ಯಾಟ್ ಪೇಂಟಿಂಗ್ ಎಂದಮೇಲೆ ಇದಕ್ಕಿಂತ ಯೋಗ್ಯ ವಸ್ತು ಎಲ್ಲಿ ಸಿಗಬೇಕು?

ಪ್ಯಾಸೆಂಜರ್ ಗಾಡಿ ನಿಂತು ಪ್ಲಾಟ್‌ಫಾರಮ್ಮು ಭಣಭಣ ಅನ್ನುತ್ತಿದ್ದ ಕಾಲ. ಹುಡುಗ ಒಂದು ಫೋಟೋ ಹೊಡೆದುಕೊಂಡು ಬಂದ. ನಾನು ಎರಡು ಪ್ಲಾಟ್‌ಫಾರಮ್ ಜೋಡಿಸಿದೆ, ಮೇಲ್ಸೇತುವೆ ಹಾಕಿದೆ, ಮೂಡಣಕ್ಕೆ ಒಂದು ಜೋಡಿ ಹಳಿ ಬಾಗಿಸಿ ಬಿಟ್ಟೆ. ದೂರದ್ದು ಮಸುಕಾಗಬೇಕು, ಸ್ವಲ್ಪ ನೀಲಿಗೆ ತಿರುಗಬೇಕು. ಹತ್ತಿರದ ಕಪ್ಪಿನಷ್ಟು ದೂರದ ಕಪ್ಪು ಕಪ್ಪಿರಬಾರದು. ಇದು ಅಪ್ಪ ಕಾಡಿನ ಪರದೆ ಬರೆಯುವಾಗ ಬೈದು ಕಲಿಸಿದ್ದ ಪಾಠ, ಇಲ್ಲಿ ಹೆಸರು ಮಾತ್ರ ಇಂಗ್ಲಿಷು. ಇನ್ನೊಂದು ಹಿಕಮತ್ತು ಅಳಿಯ ಕಲಿಸಿದ. ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸಿ ನೋಡಬೇಕು, ಕಣ್ಣಿಗೆ ಒಗ್ಗಿಹೋದ ತಪ್ಪುಗಳೆಲ್ಲ ಎದ್ದು ಕೂತು ನಗುತ್ತವೆ. ತಿರುಗಿಸಿದೆ. ಸ್ಟೇಷನ್ನಿನ ಹಳದಿ ಬೋರ್ಡು ನಮ್ಮೂರ ಹೆಸರನ್ನು ಹಿಂದುಮುಂದಾಗಿ ಹೇಳಿತು, ಅಷ್ಟೇ ಅಲ್ಲ, ಮೇಲ್ಸೇತುವೆ ಕುಡಿದವನ ಹಾಗೆ ವಾಲಿತ್ತು.

ಆದರೆ ತಪ್ಪು ಹುಡುಕುವುದಕ್ಕೆ ಕನ್ನಡಿ ಯಾಕೆ, ಊರಿದೆಯಲ್ಲ? ಚಾದಂಗಡಿಯವನು ಮೊಬೈಲಿನಲ್ಲಿ ನೋಡಿ, “ಮಾಸ್ತರ, ಈ ಎರಡ್ ಮಾಡಾ ಅವಳಿಜವಳಿ ಏನ್ರಿ?” ಅಂದ. ಒಂದೇ ಮೋಡವನ್ನು ಎರಡು ಕಡೆ ಅಂಟಿಸಿದ್ದೆ. ಅವ್ವ ಕನ್ನಡಕ ಏರಿಸಿ, “ಹೊತ್ತು ಇಕಡೆ ಮುಳುಗಾಕ ಹತ್ತೈತಿ, ಕಂಬದ ನೆಳ್ಳೂ ಇಕಡೇನ ಬಿದ್ದೈತಲ್ಲೋ. ಹಗಲಿನ್ಯಾಗ ದೀಪ ಹಚ್ಚೀಯೇನು?” ಎಂದಳು. ಆ ನೆರಳು ಸರಿಮಾಡಲು ನನಗೆ ಎರಡು ರಾತ್ರಿ ಹಿಡಿಯಿತು.

ಎಲ್ಲ ಆದಮೇಲೂ ಪ್ಲಾಟ್‌ಫಾರಮ್ಮಿನ ತುದಿ ಬೋಳುಬೋಳಾಗಿ ಕಂಡಿತು. ಅಲ್ಲಿಗೊಂದು ಮರ ಬೇಕು. ನಮ್ಮ ತಾಲ್ಲೂಕಿನವನಿಗೆ ಮರದ ಚಿಂತೆಯೆ? ಸವಣೂರಿನ ದೊಡ್ಡಹುಣಸೆ ಮಠದ ಮರಗಳ ಫೋಟೋ ನನ್ನಲ್ಲಿತ್ತು, ಹೋಳಿಹುಣ್ಣಿಮೆಯ ಹೊತ್ತಿಗೆ ಎಲೆ ಉದುರಿಸಿ ನಿಂತಾಗ ತೆಗೆದದ್ದು. ನಾವು ಹುಣಸೆ ಅನ್ನುತ್ತೇವೆ, ಅದು ನಿಜವಾಗಿ ಆಫ್ರಿಕದ ಬಾವೋಬಾಬ್. ಯಾವ ಕಾಲಕ್ಕೆ ಯಾರು ತಂದರೋ, ಮೂರು ಮರ ಸವಣೂರಿಗೆ ಬಂದು ನವಾಬರನ್ನೂ ಕಂಡು, ವೀಳ್ಯದೆಲೆಯ ವ್ಯಾಪಾರವನ್ನೂ ಕಂಡು, ಮೈ ಬೆಳೆಸಿಕೊಂಡು ಆಗ ನಿಂತಿದ್ದವು. ಬುಡ ಆನೆಯ ಹೊಟ್ಟೆ, ಕೊಂಬೆ ಬೇರಿನ ಹಾಗೆ ಮೇಲೆ. ಒಂದನ್ನು ಎತ್ತಿ ತಂದು ನಮ್ಮ ಪ್ಲಾಟ್‌ಫಾರಮ್ಮಿನಲ್ಲಿ ನೆಟ್ಟೆ. ಒಂದು ಗೆರೆ ತಿದ್ದಲಿಲ್ಲ. ಇಡೀ ಚಿತ್ರದಲ್ಲಿ ನನ್ನ ಬ್ರಶ್ ತಾಗದೆ ಉಳಿದದ್ದು ಅದೊಂದೇ.

ತೀರ್ಪುಗಾರರ ಅಭಿಪ್ರಾಯ ಬಂತು. ಅಳಿಯ ಓದಿ ಹೇಳಿದ: ಸೇತುವೆ ಸೊಗಸಾಗಿದೆ, ಬೆಳಕು ನಂಬುವಂತಿದೆ, ಹಳಿಯ ತಿರುವು ಬಹಳ ಸಹಜ. ಆದರೆ ಆ ಮರ ಇದೆಯಲ್ಲ, ಅದು ಕಲ್ಪನೆ ಮಿತಿಮೀರಿದ್ದರ ಫಲ. ಬುಡಕ್ಕೂ ಕೊಂಬೆಗೂ ಪ್ರಮಾಣವಿಲ್ಲ. ಮುಂದಿನ ಸಲ ನಿಜವಾದ ಮರಗಳನ್ನು ಗಮನಿಸಿ ಬರೆಯಿರಿ.

ಬಾವೋಬಾಬನ್ನೇ ರಾಷ್ಟ್ರವೃಕ್ಷ ಮಾಡಿಕೊಂಡ ಸೆನೆಗಲ್ ದೇಶದ ಒಬ್ಬ ಹುಡುಗನೂ ಸ್ಪರ್ಧೆಯಲ್ಲಿದ್ದ. ಪಾಪ, ಅವನೊಬ್ಬನೇ ನನ್ನ ಪರ ನಿಂತ: ಮರ ಸರಿಯಾಗೇ ಇದೆ, ನಮ್ಮ ಮನೆಯ ಹಿಂದೆ ಇಂಥವು ಬೇಕಾದಷ್ಟಿವೆ, ಇದು ನಮ್ಮ ಮರ, ನಿನಗೆಲ್ಲಿ ಸಿಕ್ಕಿತು? ಅವನಿಗೆ ಸವಣೂರು ಎಲ್ಲಿದೆ ಎಂದು ತಿಳಿಸಲು ನಾನೂ ಅಳಿಯನೂ ಒಂದು ಸಂಜೆ ಖರ್ಚು ಮಾಡಿದೆವು. ನನ್ನ ಸ್ಥಾನ ಎಷ್ಟನೆಯದು ಎಂದು ಕೇಳಬೇಡಿ. ಕೊನೆಯಿಂದ ಎಣಿಸಿದರೆ ಬೇಗ ಸಿಗುತ್ತದೆ.

ನಿಜ–ಸುಳ್ಳಿನ ಈ ಅದಲುಬದಲು ನಮ್ಮ ಹಾವೇರಿ ಜಿಲ್ಲೆಯವರಿಗೆ ಹೊಸದಲ್ಲ ಬಿಡಿ. ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಟಿ.ಬಿ. ಸೊಲಬಕ್ಕನವರ ಮಾಡಿದ ಉತ್ಸವ ರಾಕ್ ಗಾರ್ಡನ್ನಿಗೆ ಸಾಲಿಯ ಹುಡುಗರನ್ನು ಕರಕೊಂಡು ಹೋದಾಗ ನಾನೇ ಒಬ್ಬ ಹಿರಿಯರಿಗೆ “ನಮಸ್ಕಾರ್ರೀ ಯಜಮಾನ್ರ” ಅಂದಿದ್ದೆ. ಅವರು ಸಿಮೆಂಟಿನವರು. ಹುಡುಗರು ಬಸ್ಸು ಊರು ಮುಟ್ಟುವವರೆಗೆ ನಕ್ಕರು.

ಇತ್ತ ಇನ್ನೊಂದು ಅನಾಹುತ ನಡೆದಿತ್ತು. ಅಳಿಯ ಚಿತ್ರವನ್ನು ವಾಟ್ಸಪ್ ಸ್ಟೇಟಸ್ಸಿಗೆ ಹಾಕಿದ್ದ. ಯಾರೋ ಅದನ್ನು ಇಳಿಸಿಕೊಂಡು, ಕೆಳಗೆ ‘ಯಲವಿಗಿ ಜಂಕ್ಷನ್ ಮಂಜೂರು’ ಎಂದು ಬರೆದು, ಕೈ ಮುಗಿಯುವ ಮೂರು ಚಿಹ್ನೆ ಇಟ್ಟು ಬಿಟ್ಟರು. ಆಗ ಹುಬ್ಬಳ್ಳಿ–ಚಿಕ್ಕಜಾಜೂರು ಜೋಡಿಹಳಿ ಕೆಲಸವೂ ನಡೆದಿತ್ತಾದ್ದರಿಂದ ಮಂದಿಗೆ ಅನುಮಾನವೇ ಬರಲಿಲ್ಲ. ಸಂಜೆಯೊಳಗೆ ಲಕ್ಷ್ಮೇಶ್ವರದಿಂದ ಫೋನು: ಹಳಿ ಬಾಜೂಕಿನ ಹೊಲಕ್ಕೆ ಎಕರೆಗೆ ಏನು ರೇಟು ನಡೆದಿದೆ?

ಯಾರಿಗೂ ಗೊತ್ತಾಗಬಾರದು ಅಂದಿದ್ದನಲ್ಲ, ಒಬ್ಬರಿಗೂ ಗೊತ್ತಾಗಲಿಲ್ಲ!

ಮರುದಿನ ಬೆಳಗ್ಗೆ ನಮ್ಮ ಕಾಕಾ ಬಂದರು. ಕೈಯಲ್ಲಿ ಮೊಬೈಲು, ಮುಖದಲ್ಲಿ ಬ್ಯಾಡಗಿ ಮೆಣಸಿನಕಾಯಿ.

“ಏನೋ ಮಾಸ್ತರ, ಈ ಹಳಿ ನನ್ನ ಹತ್ತಿ ಹೊಲದಾಗ ಹಾಸಿ ಹೋಗೈತಲ್ಲೋ! ಯಾರನ್ನ ಕೇಳಿ ಹಾಕಿದಿ?”

“ಕಾಕಾ, ಅದು ಚಿತ್ರರೀ. ನಾನ ಬರದದ್ದು.”

“ಅದ ಮತ್ತ! ಬರಿಯಾಂವ ನೀನ ಅಂದಮ್ಯಾಗ ನಿಮ್ಮ ದೊಡ್ಡಪ್ಪನ ಹೊಲದಾಗ ಯಾಕ ಬರೀಲಿಲ್ಲ? ಬಾಂದು ದಾಟಿದ್ರ ಅವಂದ ಐತಿ.”

ಹಿರಿಯರು, ಸಿಟ್ಟು ಬೇರೆ. ಕಂಪ್ಯೂಟರ್ ತೆರೆದು, ಹಳಿಯ ಪದರು ಹಿಡಿದು, ಬಾಂದಿನ ಆಚೆಗೆ ಒಂದಿಷ್ಟು ಎಳೆದೆ. ಕಾಕಾ ಬಗ್ಗಿ ನೋಡಿದರು. ಹತ್ತಿ ಹೊಲ ಸುರಕ್ಷಿತವಾಗಿತ್ತು. ಆದರೂ ಎದ್ದು ಹೋಗಲೊಲ್ಲರು. ಅವ್ವ ಕೊಟ್ಟ ಚಹಾವನ್ನು ಬಸಿಗೆ ಸುರುವಿಕೊಂಡು, ಊದಿಕೊಂಡು ಕುಡಿಯುತ್ತ ಏನೋ ಲೆಕ್ಕ ಹಾಕುತ್ತಿದ್ದರು.

“ಪರಿಹಾರ ಎಕರೇಕ ಎಷ್ಟ್ ಬರಬಹುದು?” ಎಂದರು ಕೊನೆಗೆ.

“ಕಾಕಾ, ಚಿತ್ರಕ್ಕ ಎಲ್ಲಿ ಪರಿಹಾರರೀ?”

“ಹೋಗಲಿ ಬಿಡು. ಹಳಿ ಮೊದಲಿದ್ದಲ್ಲೇ ಇರಲಿ, ಇಕಡೆ ಎಳಿ. ಮತ್ತ ಆ ದಪ್ಪನ್ನ ಮರದ ಬುಡಕ ನಂದೊಂದು ಚಾದಂಗಡಿ ಬರಿ. ನೆಳ್ಳ ಚೊಲೋ ಐತಿ.”