ಮೂರು ಸಾವಿರ ವ್ಯಾಟಿನ ಅಳಿಯ

ಕಾರಿಗೆ ಆಂಪ್ಲಿಫೈಯರ್ ಹಾಕಿಸುವ ಹುಡುಗರನ್ನು ಏನು ಬೇಕಾದರೂ ಕೇಳಿ. ಎಷ್ಟು ವ್ಯಾಟು, ಎಷ್ಟು ಇಂಚಿನ ವೂಫರು, ಎಷ್ಟನೇ ಕ್ರಾಸಿನವರೆಗೆ ಕೇಳಿಸುತ್ತದೆ, ಎಲ್ಲಕ್ಕೂ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತದೆ. ‘ವೈರು ಎಷ್ಟು ದಪ್ಪ?’ ಎಂದಿರೋ, ಗಂಡಿನ ಸಂಬಳ ಬಿಟ್ಟು ಚಪ್ಪಲಿಯ ನಂಬರು ವಿಚಾರಿಸಿದ ನೆಂಟನನ್ನು ನೋಡುವಂತೆ ನೋಡುತ್ತಾರೆ.

ನನ್ನ ತಂಗಿಯ ಮಗನೂ ಹಾಗೇ ನೋಡಿದ. ಅವನ ಹಳೆಯ ಕಾರಿಗಿಂತ ಡಿಕ್ಕಿಯಲ್ಲಿ ಕೂರಲಿದ್ದ ಪೆಟ್ಟಿಗೆಗೇ ಬೆಲೆ ಜಾಸ್ತಿ. ಡಬ್ಬದ ಮೇಲೆ ‘3000 ವ್ಯಾಟ್’ ಎಂದು ಬೆಂಕಿಯ ಚಿತ್ರದ ಸಮೇತ ಅಚ್ಚಾಗಿತ್ತು. ಬೆಂಕಿಯನ್ನು ಸುಮ್ಮನೆ ಬರೆದಿರಲಾರರು ಎಂದು ನನಗೆ ಆಗಲೇ ಅನ್ನಿಸಿತು.

ಆಂಪ್ಲಿಫೈಯರನ್ನು ತಿರುಗಿಸಿ ನೋಡಿದೆ. 30 ಆಂಪಿಯರಿನ ಎರಡು ಫ್ಯೂಸು. ಡಬ್ಬ ಸುಳ್ಳು ಹೇಳಬಹುದು, ಫ್ಯೂಸು ಹೇಳುವುದಿಲ್ಲ. 60 ಆಂಪಿಯರನ್ನು ಇಂಜಿನ್ ಓಡುವಾಗಿನ 13.8 ವೋಲ್ಟಿನಿಂದ ಗುಣಿಸಿದರೆ ಒಳಗೆ ಹೋಗುವುದೇ 828 ವ್ಯಾಟ್. ಕ್ಲಾಸ್ ಎಬಿ ಎಂಬ ಬಗೆಯದಾದ್ದರಿಂದ ಅದರಲ್ಲಿ ಅರ್ಧದ ಹತ್ತಿರ ಶಾಖವಾಗಿ ಹೋಗಿ, ಹಾಡಿಗೆ ದಕ್ಕುವುದು ನಾನೂರ ಚಿಲ್ಲರೆ. ಮಿಕ್ಕಿದ್ದು ಡಬ್ಬ ಅಚ್ಚು ಹಾಕಿಸಿದವರ ಔದಾರ್ಯ.

‘ಬಿಡು ಮಾವ, 12 ವೋಲ್ಟ್ ತಾನೆ? ಮುಟ್ಟಿದ್ರೂ ಶಾಕ್ ಹೊಡೆಯಲ್ಲ’ ಎಂದ. ಮೋಸ ಇರುವುದೇ ಅಲ್ಲಿ. ಮನೆಯ 230 ವೋಲ್ಟಿನಲ್ಲಿ 1000 ವ್ಯಾಟಿನ ಇಸ್ತ್ರಿಪೆಟ್ಟಿಗೆಗೆ ನಾಲ್ಕು ಚಿಲ್ಲರೆ ಆಂಪಿಯರ್ ಸಾಕು. ಅದೇ ಸಾವಿರ ವ್ಯಾಟು 12 ವೋಲ್ಟಿನಲ್ಲಿ ಬೇಕೆಂದರೆ 83 ಆಂಪಿಯರ್ ಹರಿಯಬೇಕು. ಆಂಪಿಯರ್ ಇಮ್ಮಡಿಯಾದರೆ ವೈರಿನ ಬಿಸಿ ನಾಲ್ಮಡಿ. ಜರ್ಮನಿಯ ಜಾರ್ಜ್ ಓಮ್ ಎಂಬ ಮೇಷ್ಟ್ರು ವೈರು ಒಡ್ಡುವ ಅಡ್ಡಿಯ ಲೆಕ್ಕವನ್ನು 1827ರಲ್ಲಿ ಪುಸ್ತಕ ಮಾಡಿದಾಗ ಅವರ ದೇಶದವರೇ ಕಿವಿಗೊಡಲಿಲ್ಲ. ಓಮ್ ಮೇಷ್ಟ್ರಿಗೂ ಒಬ್ಬ ಸೋದರಳಿಯ ಇದ್ದಿರಬೇಕು.

ಜೆ.ಸಿ. ರಸ್ತೆಯ ಅಂಗಡಿಯಲ್ಲಿ ಪೆಟ್ಟಿಗೆಯ ಜೊತೆ ‘8 ಗೇಜ್’ ವೈರು ಫ್ರೀ ಕೊಟ್ಟರು. ಕೆಂಪಗೆ ಹೊಳೆಯುತ್ತ ಹೆಬ್ಬೆರಳಿನ ಗಾತ್ರಕ್ಕಿತ್ತು. ತುದಿ ಸುಲಿದರೆ ಗಾತ್ರವೆಲ್ಲ ಪ್ಲಾಸ್ಟಿಕ್ಕಿನದೇ. ಬ್ಲೇಡಿನಿಂದ ಒಂದು ಎಳೆಯನ್ನು ಕೆರೆದೆ. ತಾಮ್ರದ ಬಣ್ಣ ಎದ್ದುಹೋಗಿ ಅಲ್ಯುಮಿನಿಯಂ ಬೆಳ್ಳಗೆ ಹಲ್ಲು ಕಿರಿಯಿತು. ‘ಎಲ್ರೂ ಇದನ್ನೇ ಹಾಕ್ಸೋದು ಸಾರ್. ಒಂದು ಕಂಪ್ಲೇಂಟೂ ವಾಪಸ್ ಬಂದಿಲ್ಲ’ ಎಂದ ಅಂಗಡಿಯವನು. ಕಾರು ಸುಟ್ಟುಕೊಂಡವರು ಜೆ.ಸಿ. ರಸ್ತೆಗೆ ಯಾತರಲ್ಲಿ ಬರಬೇಕು?

ಬ್ಯಾಟರಿಯಿಂದ ಡಿಕ್ಕಿಗೆ ಐದು ಮೀಟರ್. ಪೂರ್ತಿ 8 ಗೇಜ್ ಇದ್ದರೂ, ಈ ಬಣ್ಣದ ಅಲ್ಯುಮಿನಿಯಂನಲ್ಲಿ 60 ಆಂಪಿಯರ್ ಹರಿದರೆ ದಾರಿಯಲ್ಲೇ ಹೆಚ್ಚುಕಡಿಮೆ ಒಂದು ವೋಲ್ಟು ಖೋತಾ, ಕಾರ್ಪೆಟ್ಟಿನಡಿ ಸುಮಾರು 60 ವ್ಯಾಟ್ ಶಾಖ. ಅಪ್ಪಟ ತಾಮ್ರದ 4 ಗೇಜ್, ಅಂದರೆ 21 ಚದರ ಮಿಲಿಮೀಟರ್ ಹಾಕಿದರೆ ಅದು 15 ವ್ಯಾಟಿಗೆ ಇಳಿಯುತ್ತದೆ. ಗೇಜಿನಲ್ಲಿ ನಂಬರು ಕಮ್ಮಿಯಾದಷ್ಟೂ ವೈರು ದಪ್ಪ. (ಅಳಿಯನ ಮಾರ್ಕ್ಸ್ ಕಾರ್ಡಿಗೂ ಈ ಪದ್ಧತಿ ಇದ್ದಿದ್ದರೆ!)

ಮೆಕ್ಯಾನಿಕ್ ಹುಡುಗ ವೈರಿನ ಫ್ಯೂಸನ್ನು ಡಿಕ್ಕಿಯಲ್ಲಿ ಕೂರಿಸಲು ಹೊರಟ. ‘ಬದಲಾಯ್ಸೋಕೆ ಸುಲಭ ಸಾರ್.’ ಆ ಫ್ಯೂಸು ಕಾಯಬೇಕಾದದ್ದು ಆಂಪ್ಲಿಫೈಯರನ್ನಲ್ಲ, ವೈರನ್ನು; ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೇ ಇರಬೇಕು. ಇಂಜಿನ್ ಹಿಂದಿನ ತಗಡಿನ ತೂತಿಗೆ ರಬ್ಬರ್ ಬಳೆ ಹಾಕದೆ ವೈರು ಎಳೆದರೆ, ಮಿಕ್ಕ ಕೆಲಸವನ್ನು ಬೆಂಗಳೂರಿನ ರಸ್ತೆಗುಂಡಿಗಳು ನೋಡಿಕೊಳ್ಳುತ್ತವೆ. ಪ್ಲಾಸ್ಟಿಕ್ ಸವೆದು ತಂತಿ ಕಾರಿನ ಮೈಗೆ ತಾಗಿತೆಂದರೆ ಬ್ಯಾಟರಿ ನೂರಾರು ಆಂಪಿಯರ್ ಕಕ್ಕುತ್ತದೆ. ಡಿಕ್ಕಿಯ ಫ್ಯೂಸಿಗೆ ಸುದ್ದಿಯೇ ಮುಟ್ಟುವುದಿಲ್ಲ. ನೆಗೆಟಿವ್ ವೈರೂ ಅಷ್ಟೇ ದಪ್ಪ ಇರಬೇಕು, ಪೇಂಟು ಕೆರೆದು ಬರೀ ಲೋಹಕ್ಕೆ ಬಿಗಿಯಬೇಕು ಎಂದಾಗ ಹುಡುಗ ಅಳಿಯನ ಕಿವಿಯಲ್ಲಿ, ‘ಅಣ್ಣ, ಮುಂದಿನ್ಸಲ ಒಬ್ರೇ ಬನ್ನಿ’ ಎಂದ.

ಕೊನೆಗೆ ಕೊಂಡ ತಾಮ್ರದ ವೈರಿನ ಬಿಲ್ಲು ನೋಡಿದ ತಂಗಿ, ‘ಹಾಡೋದು ಸ್ಪೀಕರ್ ತಾನೆ ಅಣ್ಣ? ವೈರಿಗ್ಯಾಕೆ ಇಷ್ಟು ಸುರಿದ್ರಿ?’ ಎಂದಳು. ಫ್ರೀ ಬಂದ ಕೆಂಪು ವೈರನ್ನು ಎಸೆಯಲು ಅವಳಿಗೆ ಮನಸ್ಸಾಗಲಿಲ್ಲ, ಹಿತ್ತಲಲ್ಲಿ ಕಟ್ಟಿದ್ದಾಳೆ. ಭಾವನ ಒದ್ದೆ ಪಂಚೆಗಳ ಲೋಡನ್ನು ಅದು ಚೆನ್ನಾಗಿಯೇ ತಡೆದುಕೊಂಡಿದೆ.