ನೆಲದ ಮಹಾಜನರು

ಕನ್ನಡದ ಮೊದಲ ವಾಕ್ಚಿತ್ರವಾದ ‘ಸತಿ ಸುಲೋಚನ’ವು 1934ರ ಮಾರ್ಚ್ 3ರಂದು ಬೆಂಗಳೂರಿನ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ತೆರೆಕಂಡಿತೆಂದು ಚರಿತ್ರೆಕಾರರು ಬರೆದಿಟ್ಟಿದ್ದಾರೆ, ಆದರೆ ಗೋಡೆಯಿಲ್ಲದ, ಶಿಲಾನ್ಯಾಸವಿಲ್ಲದ, ಪರವಾನಗಿಯ ಅವಧಿ ತೀರಿದೊಡನೆ ಗೂಟ ಕಿತ್ತು ಮುಂದಿನ ಊರಿಗೆ ಹೊರಡಬೇಕಾಗಿದ್ದ ನಮ್ಮ ಪೇಟೆಯ ಟೂರಿಂಗ್ ಟಾಕೀಸಿಗೆ ಅಂಥ ಯಾವ ಪುಣ್ಯಾತ್ಮನೂ ಒದಗಲಿಲ್ಲವಾಗಿ, ಆ ಭಾರವನ್ನು ನಾನೇ ಹೊರಬೇಕಾಗಿದೆ.

ಟೆಂಟಿನ ಕಾಲಗಣನೆ ಸೂರ್ಯಾಧೀನವಾದುದು. ಕತ್ತಲೆ ಕವಿಯದೆ ಬಟ್ಟೆಯ ಗೋಡೆಗಳ ನಡುವೆ ಚಿತ್ರ ಮೂಡದು; ಆದಕಾರಣ ಕರಪತ್ರದಲ್ಲಿ ಯಾವ ವೇಳೆ ಅಚ್ಚಾಗಿದ್ದರೂ, ಧ್ವನಿವರ್ಧಕದಲ್ಲಿ ಘಂಟಸಾಲರ ‘ನಮೋ ವೆಂಕಟೇಶ’ ಮೊಳಗಿದಾಗಲೇ ಟಿಕೆಟ್ಟಿನ ಮುಹೂರ್ತ. ಅದನ್ನು ಕೇಳಿ ಸಾರನ್ನು ಅರ್ಧ ಕುದಿಯಲ್ಲೇ ಇಳಿಸಿ ಓಡಿದ ಗೃಹಿಣಿಯರ ಸಂಖ್ಯೆಯನ್ನು ತಿರುಪತಿಯ ಸ್ವಾಮಿಯೇ ಬಲ್ಲ.

ಕಂಪನಿ ನಾಟಕದಲ್ಲಿ ಧನಿಕರು ಮುಂದೆ, ಬಡವರು ಹಿಂದೆ. ಟೆಂಟಿನಲ್ಲಿ ಈ ತಾರತಮ್ಯ ತಲೆಕೆಳಗಾಯಿತು. ಪರದೆಯ ಪಾದಮೂಲದಲ್ಲಿ ನೆಲ, ಅದರ ಹಿಂದೆ ಬೆಂಚು, ಎಲ್ಲಕ್ಕೂ ಹಿಂದೆ ಕುರ್ಚಿ. ಹೆಚ್ಚು ದುಡ್ಡು ತೆತ್ತ ಶಾನುಭೋಗರು ಬೆಂಚಿನವರ ಪೇಟಗಳ ಸಂದಿಯಲ್ಲಿ ನಾಯಕಿಯನ್ನು ಕಂಡದ್ದುಂಟು, ಕಾಣದ್ದೂ ಉಂಟು. ನೆಲದ ಮಹಾಜನರಾದರೋ ಮರಳನ್ನು ಗುಡ್ಡೆಹಾಕಿ, ಆ ಸ್ವಯಂನಿರ್ಮಿತ ಸಿಂಹಾಸನದ ಮೇಲೆ ಮಂಡಿಸಿ, ಕಡಲೆಕಾಯಿ ಸುಲಿಯುತ್ತ, ಖಳನಿಗೆ ಎದುರಿಗೇ ಛೀಮಾರಿ ಹಾಕುತ್ತ, ಬೆನ್ನ ಹಿಂದೆ ಎತ್ತಿದ ಕತ್ತಿಯ ಸುಳಿವನ್ನು ನಾಯಕನಿಗೆ ಕೂಗಿ ತಿಳಿಸುತ್ತ, ಕಥಾನಿರ್ವಹಣೆಯಲ್ಲಿ ನಿರ್ದೇಶಕನಿಗಿಂತ ಮಿಗಿಲಾದ ಹೊಣೆಯನ್ನು ಹೊತ್ತಿದ್ದರು. ವಿಮರ್ಶೆಯು ಅಷ್ಟು ನಿರ್ಭೀತವಾಗಿ ಬೇರೆಲ್ಲಿಯಾದರೂ ನಡೆದುದನ್ನು ನಾನರಿಯೆ. ಪತ್ರಿಕೆಗಳಲ್ಲಂತೂ ಇಲ್ಲ.

ಯಂತ್ರವೊಂದೇ. ಸಾವಿರ ಅಡಿಯ ಸುರುಳಿ ಸುಮಾರು 11 ನಿಮಿಷಕ್ಕೆ ತೀರುವುದು. ಸುರುಳಿ ಬದಲಿಸುವಾಗ ಕಥೆ ನಿಂತು ಸೋಡಾ ಮಾರುವವನ ಕಂಠ ಮೊದಲಾಗುವುದು. ಉರಿಯುವ ಎರಡು ಕಾರ್ಬನ್ ಕಡ್ಡಿಗಳ ಅಂತರ ಕಿಂಚಿತ್ ತಪ್ಪಿದರೂ ಬೆಳಕು ಮಾಯ. 1954ರ ‘ಬೇಡರ ಕಣ್ಣಪ್ಪ’ ನಮ್ಮಲ್ಲಿಗೆ ಬಂದಾಗ, ಕಣ್ಣಪ್ಪ ತನ್ನ ಕಣ್ಣಿಗೆ ಕೈಹಾಕುವ ಸಮಯಕ್ಕೇ ಪರದೆ ಕಪ್ಪಾಗಿ, ನೆಲದಲ್ಲಿದ್ದ ಅಜ್ಜಿಯೊಬ್ಬರು, “ಅವನ ಕಣ್ಣು ಹೋದದ್ದಕ್ಕೆ ನಮಗೂ ಕಾಣದಾಯ್ತಲ್ಲಪ್ಪ ಶಿವನೇ!” ಎಂದು ಗಲ್ಲ ಬಡಿದುಕೊಂಡರು. ಸುತ್ತ ಕುಳಿತವರೂ ಬಡಿದುಕೊಂಡರು. ನಕ್ಕವರು ಕುರ್ಚಿಯವರು ಮಾತ್ರ.

ಮುಂದೆ ಟೆಂಟು ಹೋಗಿ ಕಾಯಂ ಕಟ್ಟಡ ಎದ್ದಿತು. ಮರಳಿನ ಮೇಲೆ ಸಿಮೆಂಟು ಬಿದ್ದಿತು. ನೆಲದವರಿಗೂ ಬೆಂಚು ದೊರೆತು, ಅವರ ವಾಗ್ಧಾಟಿ ಕುಗ್ಗಿತು. ಆ ಕಟ್ಟಡವೂ ಉರುಳಿ ಈಗಲ್ಲಿ ಕಲ್ಯಾಣಮಂಟಪವಿದೆ. ಧಾರೆಯ ಹೊತ್ತಿಗೆ ಛಾಯಾಗ್ರಾಹಕರು ಮುಂದೆ ನಿಂತುಬಿಡುವುದರಿಂದ ಕುರ್ಚಿಯವರಿಗೆ ಏನೂ ಕಾಣುವುದಿಲ್ಲ.